ಕಡಲಿಗೆ ಹಾಕಿದ ಬರೆ

ಜೂನ್ 26, ಸಲಾಲಾ

ಮತ್ತೆ ಅದೇ ಜಿಟಿಜಿಟಿ. ಬೆಳಿಗ್ಗೆಯಿಂದ ಸೂರ್ಯನ ಸುಳಿವಿಲ್ಲ. ಮೊನ್ನೆ ಒಗೆದ ಬಟ್ಟೆ ಇನ್ನೂ ಹಸಿ ಹಸಿ, ಮುಗ್ಗಲು ವಾಸನೆ ಬೇರೆ. ಮಗಳ ಊರು ಹೀಗೆ. ನಮ್ಮ ಮುಹರ್ರಕ್‌ನಲ್ಲಾದರೆ ಒಂದು ತುದಿ ಹಿಂಡುವಷ್ಟರಲ್ಲಿ ಇನ್ನೊಂದು ತುದಿ ಗರಿಗರಿ.

ಸಂಜೆಯ ಅಸರ್ ನಮಾಜು ಮುಗಿಸಿ ಕೂತೆ. ಸರಿಯಾಗಿ ಆ ಹೊತ್ತಿಗೇ ಮೌಜಕ್ಕನ ಮೆಸೇಜ್. ಅವಳಿಗೆ ಓದು ಬರಹ ಇಲ್ಲ, ಫೋನಿಗೆ ಮಾತಾಡಿ ಕಳಿಸುತ್ತಾಳೆ. ನಾನಾದರೂ ಮಕ್ಕಳ ಪುಸ್ತಕ ಕದ್ದು ನೋಡಿ ನಲವತ್ತರ ಮೇಲೆ ಅಕ್ಷರ ಕಲಿತವಳು. ಎಂಬತ್ತರ ಹತ್ತಿರ ಬಂದ ಅಕ್ಕನಿಗೆ ಈಗ ಯಾಕೆ ಆ ಕಷ್ಟ.

"ತರ್ಫಾ, ಬದುಕಿದ್ದೀಯೇನೇ? ಇಲ್ಲಿ ಬೆಂಕಿ ಕಣೇ. ಏಸಿ ಕೂಡ ಏದುಸಿರು ಬಿಡ್ತಿದೆ. ನಿನ್ನೆ ಮೊಮ್ಮಗ ಕಾರಲ್ಲಿ ಕಡಲ ಕಡೆ ಕರ್ಕೊಂಡು ಹೋಗಿದ್ದ. ನೀರು ಚಹಾದ ಹಾಗಿದೆ, ಸಕ್ಕರೆ ಹಾಕಿ ಕುಡೀಬಹುದು. ಅಲ್ಲಿ ಹೇಗಿದೆ ಹೇಳು. ನಿನ್ನ ಬೀಗಿತ್ತಿ ಇನ್ನೂ ಹೊಗೆ ಹಾಕ್ತಾಳಾ?"

"ಇಲ್ಲಿ ಚಳಿ ಅಕ್ಕ," ಅಂದೆ. "ನಾನು ಸ್ವೆಟರ್ ಹಾಕ್ಕೊಂಡಿದ್ದೀನಿ."

ಎರಡೇ ನಿಮಿಷಕ್ಕೆ ಉತ್ತರ: "ಸುಳ್ಳಿ."

ಆದರೆ ನಿಜ. ಎರಡೂ ಅರಬರ ಊರು, ಎರಡೂ ಕಡಲ ಊರು, ಎರಡೂ ಸೆಕೆಯ ಊರೇ. ಈ ಮೂರು ತಿಂಗಳು ಮಾತ್ರ ಒಂದಕ್ಕೊಂದು ಸಂಬಂಧವಿಲ್ಲ. ಅಲ್ಲಿ ಜನ ಹಗಲೆಲ್ಲ ಬಾಗಿಲು ಹಾಕಿಕೊಂಡು ಮಲಗಿ ರಾತ್ರಿಯ ಇಶಾ ನಮಾಜಿನ ನಂತರ ಏಳುತ್ತಾರೆ. ಇಲ್ಲಿ ಮಧ್ಯಾಹ್ನವೇ ಚಾಪೆ, ಕೆಟಲು, ಮಕ್ಕಳು ಮರಿಗಳೊಂದಿಗೆ ಹುಲ್ಲಿನ ಮೇಲೆ ಕೂತು ಬೇಕೆಂದೇ ನೆನೆಯುತ್ತಾರೆ. ನೆನೆದು ನಗುತ್ತಾರೆ. ಅಲ್ಲಿಯ ಕಡಲಿನಲ್ಲಿ ನಡೆದು ನಡೆದು ಕಾಲು ಸೋತರೂ ನೀರು ಮೊಣಕಾಲು ದಾಟೋದಿಲ್ಲ. ಇಲ್ಲಿಯ ಕಡಲಿಗೆ ಯಾರೂ ಬೆನ್ನು ಕೊಟ್ಟು ಕೂರೋದಿಲ್ಲ.

ಬೀಗಿತ್ತಿ ತುಫುಲ್ ಲೋಬಾನದ ಕೆಂಡ ಊದುತ್ತಾ ಕೇಳುತ್ತಲೇ ಇದ್ದಳು.

"ನಿಮ್ಮದನ್ನ ಕಡಲು ಅಂತ ಯಾಕೆ ಕರೀತೀರಿ ಬೀಗಿತ್ತಿ? ಕೈ ತೊಳೆಯೋ ಬೋಗುಣಿ ಅನ್ನಿ."

"ನಿಮ್ಮದನ್ನೇನು ಅನ್ನಲಿ? ಬೆಳಗಿಂದ ಸಂಜೆ ತನಕ ಬೊಬ್ಬೆ. ನಮ್ಮೂರಲ್ಲಿ ಇಂಥವರನ್ನ ಕಟ್ಟಿ ಹಾಕ್ತಾರೆ."

ಅವಳು ನಕ್ಕು ಹೊಗೆಯನ್ನು ನನ್ನ ಮುಖದ ಕಡೆಗೇ ತಿರುಗಿಸಿದಳು.

ಜೂನ್ 29

ಕಡಲಿಗೆ ಬೀಗ ಬಿದ್ದಿದೆ. ಇಲ್ಲಿ ಹಾಗೇ ಹೇಳುತ್ತಾರೆ. ದಹಾರೀಜ್ ಕೇರಿಯ ಎಲ್ಲ ದೋಣಿಗಳೂ ಮರಳ ಮೇಲೆ ಮಗುಚಿ ಮಲಗಿವೆ. ಸೆಪ್ಟೆಂಬರ್ ತನಕ ಯಾರೂ ನೀರಿಗೆ ಇಳಿಯೋದಿಲ್ಲ.

ಅಳಿಯ ಮುಸಲ್ಲಮ್ ಜಗಲಿಯಲ್ಲಿ ಬಲೆ ಹೆಣೆಯುತ್ತಾ ಕೂತಿದ್ದ. ದೊಡ್ಡ ಕೈ, ಸಣ್ಣ ದನಿ. ತಾಯಿಯ ಹತ್ತಿರ ಬೆಟ್ಟದ ಭಾಷೆ ಆಡುತ್ತಾನೆ, ಹಕ್ಕಿ ಉಲಿದ ಹಾಗೆ. ನನಗೆ ಒಂದಕ್ಷರ ಹತ್ತೋದಿಲ್ಲ. ನನ್ನ ಹತ್ತಿರ ಅರಬಿ. ಮಗಳು ಬದ್ರಿಯಾ ಕಾಫಿ ತಂದಳು. ತಂದಾಗಲೆಲ್ಲ ಅದೇ ಹಳೆಯ ತಮಾಷೆ.

"ಅಮ್ಮ, ಹೂಜಿ ನನ್ನ ಹತ್ರಾನೇ ಇರಲಿ. ಇವರ ಕೈಗೆ ಸಿಕ್ಕರೆ ಮುಗೀತು."

ಮದುವೆಯ ದಿನ ಮುಹರ್ರಕ್‌ನಲ್ಲಿ ಮೌಜಕ್ಕನೇ ಅವನಿಗೆ ಕಾಫಿ ಬಗ್ಗಿಸಿದ್ದು. ಸಾಕಾದವರು ಬಟ್ಟಲು ಅಲ್ಲಾಡಿಸಬೇಕು. ಅಲ್ಲಾಡಿಸುವ ತನಕ ಬಗ್ಗಿಸುತ್ತಲೇ ಇರಬೇಕು. ಇದು ಎಳೆ ಮಗುವಿಗೂ ಗೊತ್ತು. ಹುಡುಗ ನಾಚಿಕೆಯಲ್ಲಿ ಮರೆತ. ಅವಳು ಬಗ್ಗಿಸಿದಳು, ಅವನು ಕುಡಿದ. ಅವಳು ಬಗ್ಗಿಸಿದಳು, ಅವನು ಕುಡಿದ. ಹೂಜಿ ಬರಿದಾಯಿತು. ಅವತ್ತಿನಿಂದ ನಮ್ಮ ಓಣಿಯಲ್ಲಿ ಅವನ ಹೆಸರು ಹೂಜಿ ಅಳಿಯ.

ಮುಸಲ್ಲಮ್ ನಕ್ಕು ಬಟ್ಟಲು ಅಲ್ಲಾಡಿಸಿ ತೋರಿಸಿದ. "ಈಗ ಕಲಿತಿದ್ದೀನಿ ಅತ್ತೆ. ಅದಿರಲಿ, ಕಡಲಿಗೆ ಬರೆ ಹಾಕಿದ್ದು ಹೇಳಿ. ನಮ್ಮಮ್ಮ ಕೇಳಿಲ್ಲ."

ಹೇಳಿದೆ. ಆಗ ನಾನು ಆರು ವರ್ಷದವಳು. ಗಂಡಸರೆಲ್ಲ ಮುತ್ತು ತೆಗೆಯಲು ಕಡಲಲ್ಲಿ ಮುಳುಗುತ್ತಿದ್ದ ಕಾಲ. ಬೇಸಿಗೆ ಪೂರ್ತಿ ನೀರಿನ ಮೇಲೆ. ದೋಣಿ ತಡವಾದರೆ ಹೆಂಗಸರೆಲ್ಲ ದಂಡೆಗೆ ಹೋಗಿ, ಕಬ್ಬಿಣ ಕಾಯಿಸಿ, ನೀರಿಗೆ ಚುಯ್ ಅಂತ ಬರೆ ಎಳೆಯುತ್ತಿದ್ದರು. ಕಡಲು ತಪ್ಪಾಯಿತು ಅಂತ ತೋಬಾ ಮಾಡಬೇಕು, ಗಂಡಸರನ್ನು ಬಿಡಬೇಕು. ಆ ವರ್ಷ ದೋಣಿ ಬಂತು, ನಮ್ಮಪ್ಪ ಬರಲಿಲ್ಲ. ಅಮ್ಮ ಒಬ್ಬಳೇ ಚಳಿಗಾಲದ ತನಕ ಬರೆ ಹಾಕಿದಳು. ಅಪ್ಪನ ಮುಖ ನನಗೆ ನೆನಪಿಲ್ಲ. ಮೌಜಕ್ಕನಿಗಿದೆ.

ತುಫುಲ್ ಕೆಂಡದ ಬಟ್ಟಲು ಕೆಳಗಿಟ್ಟಳು. ಈ ಸಲ ನಗಲಿಲ್ಲ.

"ನಿಮ್ಮ ಕಡಲು ಕತ್ತೆ, ಬೀಗಿತ್ತಿ. ಬರೆ ಹಾಕಿದರೆ ತಲೆ ತಗ್ಗಿಸುತ್ತೆ. ನಮ್ಮದು ಒಂಟೆ. ಒಂಟೆಗೆ ನೋವು ಮಾಡಿದವರು ಯಾರು ಅಂತ ಅದು ಮರೆಯೋದಿಲ್ಲ. ಇಲ್ಲಿ ಕೂತು ಆ ಮಾತು ಬೇಡ."

ಜುಲೈ 5

ಬರೆಯುತ್ತೇನೆ, ಬರೆಯದಿದ್ದರೆ ಕೂಗಿಬಿಡುತ್ತೇನೆ.

ಬೆಳಗಿನ ಜಾವದ ದೊಡ್ಡ ಅಲೆ ಎಂಜಿನ್ ಪರೀಕ್ಷೆಗೆಂದು ಮರಳ ಮೇಲೆ ನೆಟ್ಟಗೆ ತಿರುಗಿಸಿಟ್ಟಿದ್ದ ಮುಸಲ್ಲಮ್‌ನ ದೋಣಿಯನ್ನು ಎತ್ತಿಕೊಂಡು ಹೋಯಿತು. ದೂರ ಏನಿಲ್ಲ. ಕಣ್ಣಿಗೆ ಕಾಣುವಲ್ಲೇ ಓಲಾಡುತ್ತಿತ್ತು. "ಈಗ ತಂದೆ" ಅಂದು ಈಜಿ ಹೋದ. ಹತ್ತಿದ. ಎಂಜಿನ್ ಹಚ್ಚಿದ. ನಮ್ಮ ಕಡೆ ಕೈ ಎತ್ತಿದ. ಅಷ್ಟರಲ್ಲಿ ಮಂಜು ಮುಚ್ಚಿತು.

ಎಂಜಿನ್ ಸದ್ದು ಕೇಳುತ್ತಲೇ ಇತ್ತು. ಒಮ್ಮೆ ಎಡಕ್ಕೆ. ಒಮ್ಮೆ ಬಲಕ್ಕೆ. ಆಮೇಲೆ ಸಣ್ಣಗೆ. ನಿಂತುಹೋಗಲಿಲ್ಲ ಅದು — ಕೇಳಿಸದಾಯಿತು.

ಬದ್ರಿಯಾ ಇನ್ನೂ ದಂಡೆಯಲ್ಲೇ ಇದ್ದಾಳೆ.

ಜುಲೈ 11

ಕಡಲು ಕಾಯುವ ಪೊಲೀಸರು ಹುಡುಕೋದು ನಿಲ್ಲಿಸಿದರು. ಅಲೆ ದೊಡ್ಡದು, ಮಂಜು ದಟ್ಟ, ಅವರ ದೋಣಿಯೂ ಹೋಗೋದಿಲ್ಲವಂತೆ. ಕಡಲು ತೆರೆಯಲಿ, ನೋಡೋಣ ಅಂದರು.

ತುಫುಲ್ ಅಳುತ್ತಿಲ್ಲ. ಮಗನ ಚಪ್ಪಲಿ ತೊಳೆದು ಬಾಗಿಲ ಒಳಗಿಟ್ಟಿದ್ದಾಳೆ, ಮುಖ ಗೋಡೆಯ ಕಡೆಗೆ. ಕೇಳಿದೆ. ಹೇಳಿದಳು:

"ಬೀಗ ಬಿದ್ದ ಕಾಲದಲ್ಲಿ ಕಡಲು ತಗೊಂಡಿದ್ದನ್ನ ವಾಪಸ್ ಕೇಳಬಾರದು. ಸೆಪ್ಟೆಂಬರ್‌ನಲ್ಲಿ ಅದೇ ಬಾಯಿ ಬಿಡುತ್ತೆ. ಆಗ ಹೇಗೆ ಕೊಡುತ್ತೋ ಹಾಗೆ ತಗೋಬೇಕು. ಅಪ್ಪಿಕೊಳ್ಳೋದಾದರೆ ಅಪ್ಪಿಕೊಳ್ಳೋದು, ಹೂಳೋದಾದರೆ ಹೂಳೋದು."

"ನಿನ್ನ ಹೊಟ್ಟೇಲಿ ಹುಟ್ಟಿದವನಲ್ಲವೇನೇ?"

"ಅದಕ್ಕೇ ಕಾಯ್ತಾ ಇದ್ದೀನಿ," ಅಂದಳು.

ಬದ್ರಿಯಾ ನೀರು ಬಿಟ್ಟು ಏನೂ ತೆಗೆದುಕೊಳ್ಳುತ್ತಿಲ್ಲ. ನಿಲುವಂಗಿ ಹೆಗಲಿನಿಂದ ಜಾರುತ್ತದೆ. ಹೀಗೇ ಆದರೆ ನನ್ನ ಮಗಳು ಸೆಪ್ಟೆಂಬರ್ ಕಾಣೋದಿಲ್ಲ.

ಮೌಜಕ್ಕನ ಮೆಸೇಜಿನಲ್ಲಿ ಇವತ್ತು ಹವೆಯ ಮಾತಿಲ್ಲ. ಬರೀ ಉಸಿರು. ಕೊನೆಗೆ, "ಅಮ್ಮ ಇದ್ದಿದ್ದರೆ ಸುಮ್ಮನೆ ಕೂರ್ತಿರಲಿಲ್ಲ ಕಣೇ."

ಜುಲೈ 14

ಹಾಕಿಬಿಟ್ಟೆ.

ಮಧ್ಯಾಹ್ನ ತುಫುಲ್ ಮಲಗಿದ್ದಳು. ಅಮ್ಮ ಬರೆ ಹಾಕುವಾಗ ಖರ್ಜೂರದ ಗರಿಗೂ ಬೆಂಕಿ ಹಚ್ಚಿ ನೀರಿಗೆ ಅದ್ದುತ್ತಿದ್ದಳು. ಇಲ್ಲಿ ಬರೀ ತೆಂಗು, ಮಂಜಿಗೆ ನೆನೆದು ಒದ್ದೆ, ಹತ್ತಲಿಲ್ಲ. ಮಾಂಸ ಸುಡುವ ಕಂಬಿಯನ್ನು ಲೋಬಾನದ ಕೆಂಡದಲ್ಲೇ ಕೆಂಪಗೆ ಕಾಯಿಸಿ, ಕೆಂಡದ ಸಮೇತ ಬಕೆಟ್ಟಿನಲ್ಲಿ ಒಯ್ದೆ. ದಂಡೆಯಲ್ಲಿ ಯಾರಿಲ್ಲ. ಎದುರಿಗೆ ಏನೂ ಕಾಣೋದಿಲ್ಲ, ಬಿಳಿ ಗೋಡೆ, ಅದರೊಳಗಿಂದ ಬೊಬ್ಬೆ.

ಅಲೆ ಕಾಲಿಗೆ ಬಂದಾಗ ಕಂಬಿ ಇಟ್ಟೆ. ಅಮ್ಮನ ಮಾತು ತಾನಾಗೇ ಬಾಯಿಗೆ ಬಂತು, ಅಕ್ಷರ ತಪ್ಪದೆ: ತಿಂದದ್ದು ಸಾಕು, ನಮ್ಮ ಮನೆಯ ಗಂಡಸನ್ನು ನಮ್ಮ ಬಾಗಿಲಿಗೆ ತಂದು ಬಿಡು.

ಚುಯ್ ಅನ್ನಲಿಲ್ಲ. ಮಲಗಿದ್ದವರು ಬೆಚ್ಚಿ ಉಸಿರು ಎಳೆದುಕೊಂಡ ಹಾಗೆ ಒಂದು ಸದ್ದು. ಅಲೆ ಹಿಂದೆ ಹೋಯಿತು. ಹೋಯಿತು, ಹೋಯಿತು… ತಿರುಗಿ ಬರಲೇ ಇಲ್ಲ. ಬೊಬ್ಬೆ ನಿಂತಿತು.

ಕಂಬಿ ತಣ್ಣಗಾಗಿರಲಿಲ್ಲ. ಅದರ ಮೇಲೆ ಹನಿ ಕೂಡ ಇರಲಿಲ್ಲ.

ಜುಲೈ 15

ಬೆಳಿಗ್ಗೆ ಎದ್ದರೆ ಬಿಸಿಲು. ಆಕಾಶ ತೊಳೆದಿಟ್ಟ ಹಾಗೆ. ಹನ್ನೊಂದಕ್ಕೆಲ್ಲ ನೆಲ ಕಾದು ಕಾಲಿಡಲಾಗದು. ಬಟ್ಟೆ ಹಿಂಡುವಷ್ಟರಲ್ಲಿ ಗರಿಗರಿ. ಕಡಲು ಚಪ್ಪಟೆ, ಹಸಿರು, ಮೊಣಕಾಲಿಗಿಂತ ಮೇಲಿಲ್ಲ.

ನನಗೆ ಈ ನೀರು ಗೊತ್ತು. ಇದರ ವಾಸನೆ ಗೊತ್ತು.

ಮಳೆ ನೋಡಲು ಬಂದಿದ್ದ ಪ್ರವಾಸಿಗಳು ಹೋಟೆಲಿನವರ ಹತ್ತಿರ ಜಗಳ ಮಾಡುತ್ತಿದ್ದಾರಂತೆ. ಎಳನೀರು ಮಾರುವವನು ನನಗೆ ಹೇಳಿದ: "ಅಜ್ಜಿ, ನನ್ನ ಇಷ್ಟು ವಯಸ್ಸಿಗೆ ಜುಲೈನಲ್ಲಿ ನನ್ನ ನೆರಳು ನೋಡಿದ್ದು ಇದೇ ಮೊದಲು."

ಅಸರ್ ಆದ ಮೇಲೆ ಮೌಜಕ್ಕ.

"ತರ್ಫಾ, ಇಲ್ಲಿ ಏನೋ ಆಗಿದೆ. ಬೆಳಗಿಂದ ಮಂಜು ಕಣೇ. ಎದುರುಮನೆ ಕಾಣ್ತಿಲ್ಲ. ಕಂಬಳಿ ಹೊದ್ದಿದ್ದೀನಿ. ಇಷ್ಟು ಹೊತ್ತಿಗೆ ಮೆಟ್ಟಿಲು ಮುಟ್ಟಿದರೆ ಗುಳ್ಳೆ ಏಳ್ತಿತ್ತು, ಈಗ ಮಂಜುಗಡ್ಡೆ. ಮತ್ತೆ ಇನ್ನೊಂದು. ನಗಬೇಡ. ಬಾಗಿಲ ಹತ್ತಿರ ಕಡಲಿನ ಸದ್ದು."

ನಗಲಿಲ್ಲ ನಾನು. ನಾವು ಹುಡುಗಿಯರಾಗಿದ್ದಾಗ ಕಡಲು ಓಣಿಯ ಬಾಯಿಯಲ್ಲೇ ಇತ್ತು, ನಿಜ. ಮಣ್ಣು ತುಂಬಿ ತುಂಬಿ, ಮೇಲೆ ರಸ್ತೆ, ಅಂಗಡಿ. ಈಗ ನೀರು ನೋಡಬೇಕಾದರೆ ಕಾರು ಬೇಕು.

"ಲೋಬಾನದ ವಾಸನೆ ಬೇರೆ ಬರ್ತಿದೆ," ಅಂದಳು. "ನಿನ್ನ ಬೀಗಿತ್ತಿ ಇಲ್ಲಿಗೂ ಬಂದಳಾ?"

ಜುಲೈ 17

ಇವತ್ತಿನ ಮೆಸೇಜ್ ನನ್ನ ಕೋಣೆಯಲ್ಲಿ ಒಬ್ಬಳೇ ಕೇಳಿದೆ. ಆಮೇಲೆ ತಡೆಯಲಾಗದೆ ಬದ್ರಿಯಾಗೂ ಕೇಳಿಸಿದೆ. ಕೇಳಿಸಬಾರದಿತ್ತೇನೋ.

"ನಮ್ಮ ಬಾಗಿಲ ಕಟ್ಟೆ ಮೇಲೆ ಯಾರೋ ಕೂತಿದ್ದಾರೆ ತರ್ಫಾ. ಗಂಡಸು. ಮೈಯೆಲ್ಲ ಒದ್ದೆ. ಯಾರಪ್ಪ ಅಂದರೆ ಏನೋ ಹೇಳಿದ, ಹಕ್ಕಿ ಉಲಿದ ಹಾಗೆ. ಪಾಪ, ಪರದೇಶಿ ಅಂತ ಕಾಫಿ ತಂದೆ. ಬಗ್ಗಿಸಿದೆ, ಕುಡಿದ. ಬಗ್ಗಿಸಿದೆ, ಕುಡಿದ. ಬಟ್ಟಲು ಅಲ್ಲಾಡಿಸೋದೇ ಇಲ್ಲ ಕಣೇ. ಹೂಜಿ ಬರಿದಾಯ್ತು. ಒಳಗೆ ಹೋಗಿ ಮತ್ತೆ ಕಾಯಿಸಿ ತಂದೆ. ಅದೂ ಬರಿದಾಯ್ತು. ನನ್ನ ಕಣ್ಣಿಗೆ ಪೊರೆ, ಮುಖ ಸರಿಯಾಗಿ ಕಾಣೋದಿಲ್ಲ. ಆದರೆ ಆ ಕೈ… ಅಷ್ಟು ದೊಡ್ಡ ಕೈ…"

ಬದ್ರಿಯಾ ಎದ್ದು ಪೆಟ್ಟಿಗೆ ತೆಗೆದಳು. ಹನ್ನೆರಡು ದಿನದಲ್ಲಿ ಮೊದಲ ಸಲ ಅವಳ ಮುಖಕ್ಕೆ ರಕ್ತ ಬಂತು.

"ನಾಳೆ ವಿಮಾನ ಇದೆ ಅಮ್ಮ."

ಬಾಗಿಲಲ್ಲಿ ತುಫುಲ್. ಎಲ್ಲ ಕೇಳಿಸಿಕೊಂಡಿದ್ದಾಳೆ.

"ವಿಮಾನದಲ್ಲಿ ಹೋಗಿ ಕಡಲಿನವನನ್ನ ಕರ್ಕೊಂಡು ಬರ್ತೀಯಾ ಮಗಳೇ? ಅವನ ಹತ್ತಿರ ಪಾಸ್‌ಪೋರ್ಟ್ ಇದೆಯಾ? ನೀರಿಂದ ಹೋದವನು ನೀರಿಂದ ಬರಬೇಕು. ಅವನ ಬಟ್ಟೆ ಒಣಗಿದೆಯಾ, ಮೊದಲು ಅದನ್ನ ಕೇಳು."

ಕೇಳಿದೆವು. ಮೌಜಕ್ಕ ಹೋಗಿ ಮುಟ್ಟಿ ನೋಡಿ ಬಂದಳು. ಒಣಗಿಲ್ಲ. ಬೆಳಗಿಂದ ತೊಟ್ಟಿಕ್ಕುತ್ತಲೇ ಇದೆ. ಒಳಗೆ ಬಾ ಅಂದರೆ ಹೊಸ್ತಿಲು ನೋಡಿ ನಡುಗುತ್ತಾನಂತೆ. ಬದ್ರಿಯಾ ತನ್ನ ದನಿ ಕಳಿಸಿದಳು, ಒಂದೇ ಮಾತು, ಮನೆಗೆ ಬನ್ನಿ ಅಂತ. ಮೌಜಕ್ಕ ಫೋನನ್ನು ಅವನ ಕಿವಿಗೆ ಹಿಡಿದಳಂತೆ. ಅವನು ಎದ್ದು ಓಣಿಯ ಬಾಯಿಯ ತನಕ ಹೋದ. ಎಡಕ್ಕೆ ನೋಡಿದ. ಬಲಕ್ಕೆ ನೋಡಿದ. ತಿರುಗಿ ಬಂದು ಕಟ್ಟೆಯ ಮೇಲೆ ಕೂತ.

"ಅವನಿಗೆ ದಾರಿ ಗೊತ್ತಾಗ್ತಿಲ್ಲ ಕಣೇ," ಅಂದಳು ಅಕ್ಕ, ಮೆಲ್ಲಗೆ.

ತುಫುಲ್ ನನ್ನನ್ನೇ ನೋಡುತ್ತಿದ್ದಳು. ಕಂಬಿಯ ಸಂಗತಿ ಹೇಳಿಬಿಟ್ಟೆ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಏನಂತ ಹೇಳಿದಿರಿ ಬೀಗಿತ್ತಿ? ಅವನ ಹೆಸರು ಹೇಳಿದಿರಾ?"

"ನಮ್ಮೂರಲ್ಲಿ ಹೆಸರು ಹೇಳೋದಿಲ್ಲ. ಎಲ್ಲರ ಗಂಡಸರಿಗೂ ಸೇರಿಸಿ ಒಂದೇ ಮಾತು. ನಮ್ಮ ಮನೆಯ ಗಂಡಸನ್ನ ನಮ್ಮ ಬಾಗಿಲಿಗೆ ಬಿಡು ಅಂತ."

"ನಿಮ್ಮ ಬಾಗಿಲು ಎಲ್ಲಿದೆ?"

ನನ್ನ ಬಾಗಿಲು ಮುಹರ್ರಕ್‌ನಲ್ಲಿದೆ.

"ಕೇಳಿದ್ದನ್ನ ಕೇಳಿದ ಹಾಗೆ ಮಾಡಿದೆ ಅದು," ಅಂದಳು. "ನನಗೆ ಭಯ ಅದಲ್ಲ. ನಿಮ್ಮ ಮನೆಯ ಗಂಡಸು ಅಂದಿರಲ್ಲ. ನನ್ನ ಮಗ ನನ್ನ ಮನೆಯ ಗಂಡಸು. ನಿಮ್ಮ ಮನೆಯವನು ಯಾರು?"

ಜುಲೈ 18

ಬಂದಿದ್ದಾನೆ.

ಮಗುಚಿದ ದೋಣಿಗಳ ನಡುವೆ, ಹಾಡಹಗಲಿನಲ್ಲಿ, ಬಿಸಿಲಿಗೆ ಮುಖ ಕೊಟ್ಟು. ಮೂವತ್ತು ದಾಟಿರಲಾರದು. ಸೊಂಟಕ್ಕೆ ಕಪ್ಪು ಬಟ್ಟೆ, ಕೊರಳಲ್ಲಿ ದಾರ, ದಾರದ ತುದಿಗೆ ಮೂಗು ಹಿಡಿಯುವ ಕೊಂಬಿನ ಚಿಮಟಿ. ಬೆರಳುಗಳಿಗೆ ಚರ್ಮದ ಟೋಪಿ. ಮುತ್ತು ತೆಗೆಯಲು ಮುಳುಗುವವರು ಹಾಕುತ್ತಿದ್ದದ್ದು. ಇದನ್ನೆಲ್ಲ ಈಗ ನೋಡಬೇಕೆಂದರೆ ಮ್ಯೂಸಿಯಂನ ಗಾಜಿನ ಪೆಟ್ಟಿಗೆಗೆ ಹೋಗಬೇಕು.

ಮುಖ ನೆನಪಿಲ್ಲ ಅಂತ ಬರೆದಿದ್ದೆನಲ್ಲ. ನೆನಪು ಬೇಕಾಗಲಿಲ್ಲ. ಮೌಜಕ್ಕನ ಗಲ್ಲ. ಮೌಜಕ್ಕನ ಹಣೆ. ಯೋಚಿಸುವಾಗ ಕಿವಿಯ ಹಾಲೆ ಜಗ್ಗಿಕೊಳ್ಳುವ ಅದೇ ಚಾಳಿ.

ಹತ್ತಿರ ಹೋದೆ. ನನ್ನನ್ನು ಕಂಡು ಮರ್ಯಾದೆಗೆ ಎದ್ದು ನಿಂತ. ನಮ್ಮೂರ ಮಾತು, ನಮ್ಮ ಓಣಿಯ ರಾಗ — ಹೀಗೆ ಮಾತಾಡುವವರು ಈಗ ಯಾರೂ ಉಳಿದಿಲ್ಲ.

"ದೊಡ್ಡಮ್ಮ, ಇದು ಯಾವ ದಂಡೆ? ದೋಣಿಯವರು ನನ್ನನ್ನ ಬಿಟ್ಟು ಹೋದರು ಅನ್ನಿಸುತ್ತೆ."

ನನ್ನಪ್ಪ ನನ್ನನ್ನು ದೊಡ್ಡಮ್ಮ ಅಂದ.

"ಮನೇಲಿ ಯಾರಿದ್ದಾರಪ್ಪ ನಿನಗೆ?" ಅಂದೆ.

"ಹೆಂಡತಿ. ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ಇಷ್ಟು," ಎದೆಯ ಹತ್ತಿರ ಕೈ ಹಿಡಿದ. "ಚಿಕ್ಕವಳು ಇಷ್ಟು." ಸೊಂಟದ ಮೇಲೆ ಸ್ವಲ್ಪ. "ತರ್ಫಾ ಅಂತ. ತುಂಬಾ ಹಟ ಅದಕ್ಕೆ. ಹೋಗುವಾಗ ಹೇಳದೆ ಬಂದೆ, ಅಳುತ್ತೆ ಅಂತ."

ಆ ಕೈ ಗಾಳಿಯಲ್ಲಿ ಹಾಗೇ ಇತ್ತು, ನನ್ನ ಎತ್ತರ ಹಿಡಿದುಕೊಂಡು. ಬೆರಳ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಬಿಸಿಲು ಅಷ್ಟು ಸುಡುತ್ತಿದ್ದರೂ ಕಾಲ ಕೆಳಗಿನ ಮರಳು ಕಪ್ಪಗೆ ಒದ್ದೆ.

ಜುಲೈ 19

ಮೌಜಕ್ಕನಿಗೆ ಹೇಳಿದೆ. ಬಂದದ್ದು ಸಣ್ಣ ಹುಡುಗಿಯ ದನಿ — "ಫೋಟೋ ತೆಗೆದು ಕಳಿಸೇ."

ತೆಗೆದೆ. ಫೋಟೋದಲ್ಲಿ ದೋಣಿ, ಮರಳು, ನೀರು. ಅವನ ದನಿ ಹಿಡಿಯಲು ನೋಡಿದೆ. ಬರೀ ಮೊಣಕಾಲುದ್ದದ ನೀರಿನ ಲಪಲಪ. ಅದನ್ನೇ ಕಳಿಸಿದೆ. ಅಕ್ಕ ಅದನ್ನು ಮತ್ತೆ ಮತ್ತೆ ಹಾಕಿ ಕೇಳುತ್ತಿದ್ದಾಳಂತೆ.

"ನಮ್ಮ ನೀರೇ ಕಣೇ. ಅಲ್ಲಿಗೆ ಹೇಗೆ ಬಂತು?" ಅಂದಳು. "ಇಲ್ಲಿ ಬೊಬ್ಬೆಗೆ ನಿದ್ದೆ ಇಲ್ಲ. ಗೋಡೆ ನಡುಗುತ್ತೆ. ಪಕ್ಕದ ಮನೆಯವರಿಗೆ ಬರೀ ಮಂಜು ಕಾಣುತ್ತಂತೆ, ಸದ್ದು ಕೇಳೋದಿಲ್ಲವಂತೆ."

ಮುಸಲ್ಲಮ್ ಹೇಗಿದ್ದಾನೆ ಅಂತ ಕೇಳಿದೆ.

"ತೆಳುವಾಗಿದ್ದಾನೆ," ಅಂದಳು. "ಹಿಂದಿನ ಗೋಡೆಯ ಬಿರುಕು ಅವನೊಳಗಿಂದ ಕಾಣುತ್ತೆ. ನನ್ನ ಕಣ್ಣಿನ ಪೊರೆಯೋ ಏನೋ. ಬೇಗ ಏನಾದರೂ ಮಾಡಿ."

ತುಫುಲ್‌ಳ ಕೈ ಹಿಡಿದೆ. ಜೀವಮಾನದಲ್ಲಿ ಬೀಗಿತ್ತಿಯ ಕೈ ಹಿಡಿದವಳಲ್ಲ.

"ಒಂಟೆಗೆ ಬರೆ ಹಾಕಿದ ಮೇಲೆ ನೀವು ಏನು ಮಾಡ್ತೀರಿ?"

"ತುಪ್ಪ ಹಚ್ತೀವಿ. ಇನ್ನೇನು? ಉರಿ ಇಳಿಯೋ ತನಕ ಹಚ್ತೀವಿ." ನನ್ನ ಮುಖ ನೋಡಿದಳು. "ನಿಮ್ಮೂರಲ್ಲಿ ಹಚ್ಚೋದಿಲ್ವಾ? ಬರೆ ಹಾಕಿ ಹಾಗೇ ಬಂದುಬಿಡ್ತೀರಾ?"

ಯಾರೂ ಹಚ್ಚಿದ್ದನ್ನು ನೋಡಿಲ್ಲ. ಅಮ್ಮ ಚಳಿಗಾಲದ ತನಕ ಬರೆ ಹಾಕಿದಳು, ಒಂದು ಹನಿ ತುಪ್ಪ ಹಾಕಲಿಲ್ಲ. ನಮ್ಮಲ್ಲಿ ಗೊತ್ತೇ ಇರಲಿಲ್ಲ. ನಮ್ಮ ಕತ್ತೆ ಸುಮ್ಮನೆ ನಿಂತಿದೆ ಅಂತ ತಿಳಿದಿದ್ದೆವು. ಅದು ಇಷ್ಟು ವರ್ಷ ಉರಿಯುತ್ತಲೇ ಇತ್ತು.

"ನೀವೇ ಹಾಕಿದ್ದು, ನೀವೇ ಹಚ್ಚಬೇಕು," ಅಂದಳು. "ಹಚ್ಚಿದರೆ ಅವರವರ ಹವೆ ಅವರವರ ಊರಿಗೆ. ಅವರವರ ಗಂಡಸು ಅವರವರ ಕಡೆಗೆ. ಆದರೆ ಅಲ್ಲಿ ಕೂತಿರೋನನ್ನ ಕೈ ಹಿಡಿದು ನೀವೇ ನೀರಿಗೆ ಬಿಡಬೇಕು. ಆಗುತ್ತಾ?"

"ನಿನಗೂ ಕಂಡನಾ ಅವನು?"

"ನನಗೆ ಕಾಣೋದಿಲ್ಲ. ಕಾಣಬಾರದು. ನನ್ನವನಲ್ಲ." ಅಂದು ತಲೆಯ ಮುಸುಕನ್ನು ಕಣ್ಣಿನ ಮೇಲೆ ಎಳೆದುಕೊಂಡಳು.

ಜುಲೈ 20

ಆಗಲಿಲ್ಲ. ತುಪ್ಪದ ಬಟ್ಟಲು ಹಿಡಿದು ಹೋದೆ, ಕೂತು ಮಾತಾಡಿ ಬಂದೆ. ಅಮ್ಮ ಹೇಗೆ ಮೀನು ಹುರಿಯುತ್ತಿದ್ದಳು ಅಂತ ಹೇಳಿದ. ನಾನು ಯಾಕೆ ಹಟ ಮಾಡುತ್ತಿದ್ದೆ ಅಂತ ಹೇಳಿದ. ಗೊತ್ತಿರಲಿಲ್ಲ ನನಗೆ, ಅವನ ಹೆಗಲ ಮೇಲೆ ಕೂತು ಸಂತೆಗೆ ಹೋಗಬೇಕಿತ್ತಂತೆ ದಿನಾ.

ಇನ್ನೊಂದು ದಿನ. ಒಂದೇ ದಿನ.

ಮನೆಗೆ ಬಂದರೆ ಬದ್ರಿಯಾ ಪೆಟ್ಟಿಗೆಯ ಪಕ್ಕ ನೆಲದ ಮೇಲೆ ಕೂತಿದ್ದಳು. "ಮಾಡಿದೆಯಾ ಅಮ್ಮ?" ಅಂದಳು. ನಾನು ತಲೆಯಾಡಿಸಿದೆ, ಇಲ್ಲ ಅಂತ. ಅವಳು ಮೌಜಕ್ಕನ ಮೆಸೇಜನ್ನು ನನ್ನ ಮುಂದಿಟ್ಟಳು.

"ಇವತ್ತು ಕಾಫಿ ಬಗ್ಗಿಸಿದೆ ತರ್ಫಾ. ಬಟ್ಟಲು ಅವನ ಕೈಯೊಳಗಿಂದ ಕೆಳಗೆ ಬಿತ್ತು."

ಜುಲೈ 21

ಮಾಡಿದೆ.

ಗುಡ್ಡದ ದನದ ತುಪ್ಪ, ತುಫುಲ್ ತಾನೇ ಕಾಯಿಸಿ ಕೊಟ್ಟಳು. ಬೆಳಿಗ್ಗೆ ಹೋದೆ. ನೀರು ಅಲುಗದೆ ಮಲಗಿತ್ತು. ಕಂಬಿ ತಾಗಿಸಿದ್ದ ಜಾಗ ಗೊತ್ತಾಗುತ್ತದೋ ಇಲ್ಲವೋ ಅಂದುಕೊಂಡಿದ್ದೆ. ಗೊತ್ತಾಯಿತು. ಅಷ್ಟು ಉದ್ದ ಬಿಳಿ ಗೆರೆ, ನೀರಿನ ಮೇಲೆ, ಮಾಗದ ಗಾಯದ ಹಾಗೆ. ಕೈಯಿಟ್ಟರೆ ಬಿಸಿ.

"ಬಾಪ್ಪ," ಅಂದೆ. "ನಿನ್ನ ದೋಣಿ ಆ ಕಡೆ ಇದೆ."

"ನಿಮಗೆ ಹೇಗೆ ಗೊತ್ತು ದೊಡ್ಡಮ್ಮ?"

"ಗೊತ್ತು."

ಕೈ ಕೊಟ್ಟ. ತಣ್ಣಗೆ, ಒರಟಾಗಿ, ಚರ್ಮದ ಟೋಪಿಗಳ ಬೆರಳು. ನಾನು ನೀರಿಗೆ ಇಳಿದೆ, ಅವನೂ ಇಳಿದ. ಎಡಗೈಯಿಂದ ತುಪ್ಪ ಸುರಿದೆ, ಗೆರೆಯ ಉದ್ದಕ್ಕೂ. ಈ ಸಲ ಅಮ್ಮನ ಮಾತು ಆಡಲಿಲ್ಲ. ನೋವಾಯಿತು, ತಪ್ಪಾಯಿತು ಅಂದೆ. ಅಷ್ಟೇ.

ನೀರು ಮೊಣಕಾಲು ದಾಟಿತು. ಸೊಂಟಕ್ಕೆ ಬಂತು. ತಣ್ಣಗಾಯಿತು. ದೂರದಲ್ಲಿ ಎಲ್ಲೋ ಬೊಬ್ಬೆ ಶುರುವಾಯಿತು.

ಅವನು ಕೈ ಬಿಡಿಸಿಕೊಳ್ಳುವ ಮೊದಲು ನನ್ನ ಮುಖ ನೋಡಿದ. ಕಿವಿ ಜಗ್ಗಿಕೊಂಡ. "ನಿಮ್ಮ ಹಟದ ಮುಖ ಎಲ್ಲೋ ನೋಡಿದ ಹಾಗಿದೆ," ಅಂದ.

ಮಂಜು ಮುಚ್ಚಿತು. ಮುಂದೆ ನನಗೆ ಕಂಡದ್ದು ನನ್ನ ಖಾಲಿ ಕೈ. ಎಳನೀರಿನವನು ಓಡಿ ಬಂದು ನನ್ನನ್ನು ಎಳೆದು ಹಾಕದಿದ್ದರೆ ಇದನ್ನು ಬರೆಯುತ್ತಿರಲಿಲ್ಲ.

ಜುಲೈ 22

ಜಿಟಿಜಿಟಿ. ಬಟ್ಟೆ ಒಣಗುತ್ತಿಲ್ಲ. ಇಷ್ಟು ಸಂತೋಷ ಆ ಒದ್ದೆ ಬಟ್ಟೆ ನೋಡಿ ಯಾವತ್ತೂ ಆಗಿರಲಿಲ್ಲ.

ಅಸರ್‌ಗೆ ಮೌಜಕ್ಕ.

"ಮಂಜು ಹೋಯ್ತು ಕಣೇ. ಮತ್ತೆ ಬೆಂಕಿ. ಏಸಿ ಏದುಸಿರು. ನೀರು ಚಹಾ. ಕಟ್ಟೆ ಮೇಲಿನ ಹುಡುಗ ನಿನ್ನೆಯೇ ಎದ್ದು ಹೋದ, ಈ ಸಲ ದಾರಿ ಕೇಳಲಿಲ್ಲ. ಕಟ್ಟೆ ಒಣಗಿದೆ." ಉಸಿರು. "ಒಂದೇ ಒಂದು. ಕಡಲಿನ ಸದ್ದು ಇನ್ನೂ ಬಾಗಿಲಲ್ಲೇ ಇದೆ. ಬೊಬ್ಬೆ ಅಲ್ಲ. ನಮ್ಮದು. ಲಪಲಪ ಅಂತ."

ಆಮೇಲೆ ಇನ್ನೊಂದು ಮೆಸೇಜ್, ಬಹಳ ಚಿಕ್ಕದು.

"ತರ್ಫಾ… ಓಣಿಯ ಬಾಯಲ್ಲಿ ಯಾರೋ ನಿಂತಿದ್ದಾರೆ. ಎದೆ ಹತ್ತಿರ ಕೈ ಹಿಡಿದು ಎತ್ತರ ತೋರಿಸ್ತಿದ್ದಾರೆ. ನನ್ನ ಎತ್ತರ ಕಣೇ ಅದು. ಚಪ್ಪಲಿ ಹಾಕ್ಕೊಂಡು ಬರ್ತೀನಿ, ತಡಿ."

ಜುಲೈ 24

ಅಕ್ಕನ ಫೋನು ರಿಂಗಾಗುತ್ತದೆ, ಯಾರೂ ಎತ್ತೋದಿಲ್ಲ. ಮೊಮ್ಮಗ ಹೇಳುತ್ತಾನೆ: ಬಾಗಿಲು ತೆರೆದೇ ಇತ್ತಂತೆ, ಚಪ್ಪಲಿ ಓಣಿಯ ಬಾಯಲ್ಲಿ ಇತ್ತಂತೆ, ರಸ್ತೆ ಇರುವ ಕಡೆಗೆ ಮುಖ ಮಾಡಿ, ಅಂಚಿನಲ್ಲಿ ಜೋಡಿಸಿ ಬಿಟ್ಟ ಹಾಗೆ. ನಾವು ಚಿಕ್ಕವರಿದ್ದಾಗ ನೀರಿಗೆ ಇಳಿಯುವ ಮೊದಲು ಅಲ್ಲೇ ಬಿಡುತ್ತಿದ್ದದ್ದು.

ಹುಡುಕುತ್ತಿದ್ದಾರೆ.

ಜುಲೈ 25, ಬೆಳಿಗ್ಗೆ

ಬಾಗಿಲು ತಟ್ಟಿದ ಸದ್ದು. ತುಫುಲ್ ಗೋಡೆಯ ಕಡೆ ಮುಖ ಮಾಡಿದ್ದ ಚಪ್ಪಲಿಗಳನ್ನು ತಿರುಗಿಸಿ ಇಟ್ಟಳು. ಆಮೇಲೆ ಬಾಗಿಲು ತೆಗೆದಳು. ಬೀಗ ಬಿದ್ದ ಕಾಲ ಇದು, ಸೆಪ್ಟೆಂಬರ್ ಅಲ್ಲ. ಅವಳು ಮಗನನ್ನು ಅಪ್ಪಿಕೊಳ್ಳಲಿಲ್ಲ. ದೂರ ಸರಿದು ದಾರಿ ಕೊಟ್ಟಳು.

ಮೈಯೆಲ್ಲ ಒದ್ದೆ. ಆದರೆ ಹೊರಗೆ ಮಳೆಯೂ ಇದೆ. ಹೊಸ್ತಿಲ ಹತ್ತಿರ ನಿಂತ, ನೋಡಿದ, ದಾಟಿದ. ದಾಟಿದ ಅಂತ ನನಗೆ ಕಂಡಿತು. ಬದ್ರಿಯಾ ಕೂರಿಸಿ ಹೆಗಲಿಗೆ ಟವೆಲ್ ಹಾಕಿದಳು. ಬಾಯಿ ಬಿಟ್ಟಿಲ್ಲ ಅವನು. ಅವಳು ಕಾಫಿ ತಂದಿದ್ದಾಳೆ.

ನಾನು ಒಳಕೋಣೆಯಲ್ಲಿ ಇದನ್ನು ಬರೆಯುತ್ತಾ ಕಿವಿಗೊಟ್ಟಿದ್ದೇನೆ. ನೋಡುವ ಧೈರ್ಯ ಇಲ್ಲ. ತುಫುಲ್ ನನ್ನ ಪಕ್ಕ, ನನ್ನ ಕೈ ಹಿಡಿದುಕೊಂಡು. ಬಟ್ಟಲು ಅಲ್ಲಾಡಿಸಿದರೆ ನಮ್ಮ ಮುಸಲ್ಲಮ್, ಇಲ್ಲದಿದ್ದರೆ ಇನ್ನೂ ಕಡಲಿನವನೇ. ಇಬ್ಬರೂ ಆ ಒಂದೇ ಸದ್ದಿಗೆ ಕಾಯುತ್ತಿದ್ದೇವೆ.

ಬಗ್ಗಿಸಿದಳು. ಕುಡಿದ.

ಬಗ್ಗಿಸಿದಳು. ಕುಡಿದ.

ಸಾಕು ಮಗನೇ. ಒಂದು ಸಲ ಅಲ್ಲಾಡಿಸು. ಕಲಿತಿದ್ದೀನಿ ಅಂದಿದ್ದೆಯಲ್ಲ.

ಬಗ್ಗಿಸಿದಳು.

ಹೂಜಿಯ ತಳದ ಸದ್ದು ಕೇಳುತ್ತಿದೆ. ಈಗ ಬಟ್ಟಲು…